ಮೊಣಕಾಲೂರಿದವರು

ಪ್ರಾರ್ಥನೆ ಅಂದಕೂಡಲೇ ನಮ್ಮ ಸಂಗಾತಿಗಳಲ್ಲಿ ಕೆಲವರು ಮೂಗು ಮುರಿಯುತ್ತಾರೆ. ಅಫೀಮು ಅಂತ ಒಂದೇ ಮಾತಲ್ಲಿ ಮುಗಿಸಿ ಬೀಡಿ ಹಚ್ಚುತ್ತಾರೆ. ನಾವೂ ಹಾಸ್ಟೆಲಿನಲ್ಲಿ ಹಾಗೇ ಮಾತಾಡಿದವರು. ದೇವರ ಮುಂದೆ ಬಗ್ಗಿದ ಬೆನ್ನು ಒಡೆಯನ ಮುಂದೆಯೂ ಬಗ್ಗುತ್ತೆ ಅಂತ ಭಾಷಣ ಬಿಗಿದವರು. ಅಮೆರಿಕದ ಫಿಲಡೆಲ್ಫಿಯ ಪಟ್ಟಣದ ಒಂದು ಚರ್ಚಿನ ಕತೆ ತಿಳಿದ ಮೇಲೆ ಆ ಭಾಷಣ ನಮಗೇ ಸಪ್ಪೆ ಅನ್ನಿಸಿತು. ಅಲ್ಲಿ ಬಗ್ಗಿದವರನ್ನು ಎಬ್ಬಿಸೋದಕ್ಕೆ ಒಡೆಯರೇ ಓಡಿ ಬಂದಿದ್ದರು.

ರಿಚರ್ಡ್ ಅಲೆನ್ 1760ರಲ್ಲಿ ಗುಲಾಮನಾಗಿ ಹುಟ್ಟಿದವನು. ಸೌದೆ ಕಡಿದು, ಇಟ್ಟಿಗೆ ಕೆಲಸ ಮಾಡಿ, ಉಪ್ಪಿನ ಗಾಡಿ ಹೊಡೆದು, ತನ್ನ ಮೈಗೆ ಒಡೆಯ ಕಟ್ಟಿದ ಬೆಲೆಯನ್ನು ತಾನೇ ತೆತ್ತು ಬಿಡುಗಡೆಯಾದ. 1786ರಲ್ಲಿ ಫಿಲಡೆಲ್ಫಿಯದ ಸೇಂಟ್ ಜಾರ್ಜ್ ಮೆಥಡಿಸ್ಟ್ ಚರ್ಚಿನಲ್ಲಿ ಉಪದೇಶ ಮಾಡಲು ಅವನನ್ನು ಕರೆದರು. ಹೊತ್ತು ಯಾವುದು ಗೊತ್ತೇ? ಬೆಳಗಿನ ಜಾವ ಐದು ಗಂಟೆ. ಅಷ್ಟಕ್ಕೇ ಸುಮ್ಮನಾಗದೆ ಅಲೆನ್ ಕಪ್ಪು ಜನರನ್ನು ಸೇರಿಸಿ ಪ್ರಾರ್ಥನಾ ಕೂಟ ಶುರುಮಾಡಿದ. 42 ಜನ ಆದರು. ಮರುವರ್ಷ, 1787ರ ಏಪ್ರಿಲ್‌ನಲ್ಲಿ, ಅವನೂ ಗೆಳೆಯ ಅಬ್ಸಲಂ ಜೋನ್ಸನೂ ಕೂಡಿ ಫ್ರೀ ಆಫ್ರಿಕನ್ ಸೊಸೈಟಿ ಕಟ್ಟಿದರು. ತಿಂಗಳಿಗೆ ಒಂದು ಶಿಲ್ಲಿಂಗ್ ವಂತಿಗೆ. ವರ್ಷ ತುಂಬಿದ ಮೇಲೆ, ಕಷ್ಟಕ್ಕೆ ಸಿಕ್ಕ ಸದಸ್ಯರಿಗೆ ವಾರಕ್ಕೆ ಮೂರು ಶಿಲ್ಲಿಂಗ್ ಒಂಬತ್ತು ಪೆನ್ಸ್. ಒಬ್ಬರ ಸಂಕಟಕ್ಕೆ ಇನ್ನೊಬ್ಬರು ಮೊರೆಯಿಡೋದು ಅಂದರೆ ಬರೀ ಬಾಯಿಮಾತಲ್ಲ, ಗಂಟು ಬಿಚ್ಚಬೇಕು ಅನ್ನೋದು ಆ ಕೂಲಿಕಾರರಿಗೆ ಗೊತ್ತಿತ್ತು.

ಕಪ್ಪು ಮೈಗಳು ಹೆಚ್ಚಾದಂತೆ ಸೇಂಟ್ ಜಾರ್ಜಿನವರಿಗೆ ಕಸಿವಿಸಿ ಶುರುವಾಯಿತು. ಮೊದಲು ಬೆಂಚುಗಳಿಂದ ಎಬ್ಬಿಸಿ ಗೋಡೆಯ ಪಕ್ಕಕ್ಕೆ ತಳ್ಳಿದರು. ಆಮೇಲೆ ಹೊಸ ಅಟ್ಟಣೆ ಕಟ್ಟಿ ಮೇಲಕ್ಕೆ ಹೋಗಿ ಅಂದರು. ಒಂದು ಭಾನುವಾರ ಇವರು ಅಟ್ಟಣೆ ಹತ್ತಿ, ಹಿಂದೆ ಕೂರುತ್ತಿದ್ದ ಜಾಗದ ನೇರಕ್ಕೆ ಕೂತರು. ಪ್ರಾರ್ಥನೆ ಶುರುವಾಯಿತು, ಮೊಣಕಾಲೂರಿದರು. ತಗ್ಗಿಸಿದ ತಲೆ ಎತ್ತುವುದರೊಳಗೆ ಗುಸುಗುಸು, ಎಳೆದಾಟ. ಚರ್ಚಿನ ಧರ್ಮದರ್ಶಿಯೊಬ್ಬ ಅಬ್ಸಲಂ ಜೋನ್ಸನ ರಟ್ಟೆ ಹಿಡಿದು ಎಳೆಯುತ್ತಿದ್ದಾನೆ. ಇಲ್ಲಿ ಮೊಣಕಾಲೂರಬಾರದು, ಏಳು ಅಂತಾನೆ. ಪ್ರಾರ್ಥನೆ ಮುಗಿಯೋತನಕ ತಾಳಿ ಅಂತ ಜೋನ್ಸ್ ಕೇಳಿಕೊಂಡ. ತಾಳಲಿಲ್ಲ. ಇನ್ನೊಬ್ಬನನ್ನು ಕೈಸನ್ನೆ ಮಾಡಿ ಕರೆದ. ಅವನು ಬಂದು ವಿಲಿಯಂ ವೈಟ್ ಅನ್ನುವವನನ್ನು ಎಳೆಯತೊಡಗಿದ. ಅಷ್ಟರಲ್ಲಿ ಪ್ರಾರ್ಥನೆ ಮುಗಿಯಿತು. ಕಪ್ಪು ಜನ ಅಷ್ಟೂ ಮಂದಿ ಒಟ್ಟಾಗಿ ಎದ್ದು ಹೊರಗೆ ನಡೆದುಬಿಟ್ಟರು.

ಇದು 1787ರ ನವೆಂಬರಿನಲ್ಲಿ ನಡೆಯಿತು ಅಂತ ಬಹುಕಾಲ ಬರೆದುಕೊಂಡು ಬಂದರು. ಅಟ್ಟಣೆ ಕಟ್ಟಿದ ಲೆಕ್ಕಪತ್ರ ನೋಡಿದ ವಿದ್ವಾಂಸರು 1792 ಇರಬೇಕು ಅಂತಾರೆ. ವರ್ಷ ಯಾವುದಾದರೂ ಇರಲಿ, ನಮ್ಮ ಎದೆಗೆ ಚುಚ್ಚಿದ್ದು ಬೇರೊಂದು ಸಂಗತಿ. ಆ ಅಟ್ಟಣೆಗೂ, ಹೊಸ ನೆಲಹಾಸಿಗೂ ಕಪ್ಪು ಜನ ಧಾರಾಳವಾಗಿ ಚಂದಾ ಕೊಟ್ಟಿದ್ದರು. ತಾವು ದುಡ್ಡು ಕೊಟ್ಟು ಹಾಸಿದ ನೆಲದಿಂದಲೇ ಅವರನ್ನು ಎಬ್ಬಿಸಿದ್ದು. ನಮ್ಮೂರ ಗುಡಿ ಹೊಸದು ಮಾಡಿದಾಗ ಕಲ್ಲು ಹೊತ್ತವರು ನಮ್ಮಪ್ಪಂದಿರು, ಚಂದಾ ಎತ್ತಿದ್ದು ಕೇರಿಯಲ್ಲೂ. ಪೂಜೆಯ ದಿನ ನಾವು ಬೀದಿಯಲ್ಲಿ ತಮಟೆ ಹಿಡಿದು ನಿಂತಿದ್ವಿ. ಇದನ್ನು ವಿವರಿಸಬೇಕಾಗಿಲ್ಲ, ಓದುವವರಿಗೂ ಇಂಥದ್ದೊಂದು ನೆನಪು ಇದ್ದೇ ಇರುತ್ತೆ. ಚರ್ಚಿಗೆ ಹೋದರೆ ಜಾತಿ ಬಿಡುತ್ತೆ ಅಂತ ನಂಬಿದ ತಮಿಳುನಾಡಿನ ನಮ್ಮ ಜನಕ್ಕೂ ಬೇರೆ ಬೆಂಚು, ಬೇರೆ ಸ್ಮಶಾನ ಕಾದಿದ್ದವು.

ಹೊರಗೆ ಬಂದವರು ಸುಮ್ಮನೆ ಕೂರಲಿಲ್ಲ. 1793ರಲ್ಲಿ ಹಳದಿ ಜ್ವರ ಬಂದು ಊರಿಗೂರೇ ಸಾಯುತ್ತಿದ್ದಾಗ, ಬಿಳಿಯರ ರೋಗಿಗಳನ್ನು ನೋಡಿಕೊಂಡವರು, ಹೆಣ ಹೂತವರು ಇದೇ ಸೊಸೈಟಿಯವರು. ಕಪ್ಪು ಜನಕ್ಕೆ ಆ ಜ್ವರ ತಾಕಲ್ಲ ಅಂತ ದೊಡ್ಡ ಡಾಕ್ಟರು ಹೇಳಿದ್ದ. ತಾಕಿತು, ಸತ್ತರು. ಆಮೇಲೆ ಅವರ ಮೇಲೇ ಸುಲಿಗೆಯ ಆರೋಪ ಬಂತು. 1794ರಲ್ಲಿ ಜೋನ್ಸ್, ಅಲೆನ್ ಇಬ್ಬರೂ ಪುಸ್ತಿಕೆ ಅಚ್ಚು ಮಾಡಿ ಉತ್ತರ ಕೊಟ್ಟರು. ಅದೇ ವರ್ಷ ಅಲೆನ್ ಹಳೆಯ ಕಮ್ಮಾರಸಾಲೆಯೊಂದನ್ನು ಕೊಂಡು, ಕುದುರೆ ಕಟ್ಟಿ ಎಳೆಸಿ ತಂದು ತನ್ನ ನಿವೇಶನದಲ್ಲಿ ನಿಲ್ಲಿಸಿದ. ಅದೇ ಬೆಥೆಲ್ ಚರ್ಚು. ಅದರ ಮೇಲೂ ಬಿಳಿಯರು ಹಕ್ಕು ಹೂಡಿದರು. ಕೋರ್ಟಿನಲ್ಲಿ ಗೆದ್ದು 1816ರಲ್ಲಿ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್ ಅನ್ನುವ ಸ್ವತಂತ್ರ ಸಭೆ ಕಟ್ಟಿದರು. ಅಲೆನ್ ಬಿಷಪ್ ಆದ.

ಈ ಬಿಷಪ್ಪನನ್ನೂ ನಾವು ಪೂರಾ ಹೊಗಳಲಾರೆವು. ಸುಮಾರು 1809ರಲ್ಲಿ ಜರೀನಾ ಲೀ ಅನ್ನುವ ಹೆಂಗಸು ಅವನ ಬಳಿ ಬಂದು, ಉಪದೇಶ ಮಾಡು ಅಂತ ನನಗೆ ಕರೆ ಬಂದಿದೆ ಅಂದಳು. ಪ್ರಾರ್ಥನಾ ಕೂಟ ಬೇಕಾದರೆ ನಡೆಸು, ಉಪದೇಶಕ್ಕೆ ಹೆಂಗಸರಿಗೆ ನಮ್ಮ ನಿಯಮದಲ್ಲಿ ಜಾಗ ಇಲ್ಲ ಅಂದ. ಐದು ಗಂಟೆಯ ಕತ್ತಲಲ್ಲಿ ನಿಂತು ಉಪದೇಶ ಮಾಡಿದವನ ಬಾಯಲ್ಲೇ ಈ ಮಾತು! ಕೊಟ್ಟಷ್ಟು ಜಾಗವನ್ನೇ ಹಿಡಿದು ಆಕೆ ಕೂಟ ನಡೆಸಿದಳು. ವರ್ಷಗಳಾದ ಮೇಲೆ ಬೆಥೆಲಿನಲ್ಲಿ ಉಪದೇಶಕನೊಬ್ಬ ನಡುವೆ ಮಾತು ಸೋತಾಗ, ಇದ್ದಲ್ಲಿಂದಲೇ ಎದ್ದು ಮಾತಾಡಿಬಿಟ್ಟಳು. ಅಲ್ಲೇ ಇದ್ದ ಅಲೆನ್ ಎದ್ದು ನಿಂತು, ಈಕೆಗೆ ಕರೆ ಬಂದದ್ದು ನಿಜ ಅಂತ ಒಪ್ಪಿಕೊಂಡ. ಮುಂದೆ ಒಂದೇ ವರ್ಷದಲ್ಲಿ ಆಕೆ 2,325 ಮೈಲಿ ಸುತ್ತಿ 178 ಉಪದೇಶ ಮಾಡಿದಳು. ಆದರೆ ಆ ಸಭೆಗೆ ಮೊದಲ ಹೆಂಗಸು ಬಿಷಪ್ ಆಗಿದ್ದು 2000ದಲ್ಲಿ. ಲೆಕ್ಕ ಹಾಕಿಕೊಳ್ಳಿ.

ಇದೆಲ್ಲ ಉತ್ತರದ ಪಟ್ಟಣದ ಕತೆ. ದಕ್ಷಿಣದ ಹತ್ತಿ ಹೊಲಗಳಲ್ಲಿ ಗುಲಾಮರು ಇಷ್ಟು ಬಹಿರಂಗವಾಗಿ ಎದ್ದು ನಡೆಯುವಂತಿರಲಿಲ್ಲ. ಒಡೆಯನ ಪಾದ್ರಿ ಹೇಳಿಕೊಡುತ್ತಿದ್ದುದು ಕದಿಯಬೇಡ, ಎದುರಾಡಬೇಡ ಅಷ್ಟೇ. ಹಾಗಾಗಿ ರಾತ್ರಿ ಕದ್ದು ಕಾಡಿಗೆ, ಹಳ್ಳಕ್ಕೆ ಹೋಗುತ್ತಿದ್ದರು. ದನಿ ಆಚೆ ಹೋಗದಿರಲೆಂದು ನೆನೆಸಿದ ಕೌದಿ ಕಟ್ಟುತ್ತಿದ್ದರು. ಕಬ್ಬಿಣದ ಹಂಡೆಯನ್ನು ಬೋರಲು ಹಾಕುತ್ತಿದ್ದರು, ಹಂಡೆ ಸದ್ದನ್ನು ನುಂಗುತ್ತೆ ಅನ್ನೋ ನಂಬಿಕೆ. ಸಿಕ್ಕಿಬಿದ್ದರೆ ಚಾಟಿ. 1930ರ ದಶಕದಲ್ಲಿ, ಗುಲಾಮಗಿರಿಯನ್ನು ಮೈಮೇಲೆ ಕಂಡಿದ್ದ ಮುದುಕ ಮುದುಕಿಯರನ್ನು ಮಾತಾಡಿಸಿ ಬರೆದುಕೊಂಡಾಗ, ಈ ಬೋರಲು ಹಂಡೆ ಎಷ್ಟೋ ಜನರ ಬಾಯಲ್ಲಿ ಬಂತು. ಆ ಹಂಡೆಯ ಸುತ್ತ ಅವರು ಕೇಳಿಕೊಳ್ಳುತ್ತಿದ್ದದ್ದು ಬಿಡುಗಡೆ. ತಮಗೆ ಸಿಗದಿದ್ದರೂ ಮಕ್ಕಳಿಗಾದರೂ ಸಿಗಲಿ ಅಂತ.

ಚಾರ್ಲ್ಸ್‌ಟನ್ ಪಟ್ಟಣದಲ್ಲಿ ಅಲೆನ್‌ನ ಸಭೆಗೆ ಸೇರಿದ ಕಪ್ಪು ಜನರ ಚರ್ಚೊಂದಿತ್ತು. 1822ರಲ್ಲಿ ಡೆನ್ಮಾರ್ಕ್ ವೆಸಿ ದಂಗೆಗೆ ಸಂಚು ಹೂಡಿದ ಅಂತ ಅವನನ್ನೂ ಸೇರಿಸಿ 35 ಜನರನ್ನು ನೇಣಿಗೆ ಹಾಕಿ, ಚರ್ಚನ್ನು ಕೆಡವಿದರು. 1834ರಲ್ಲಿ ಕಪ್ಪು ಜನರ ಚರ್ಚುಗಳನ್ನೇ ನಿಷೇಧಿಸಿದರು. ಸಭೆ ಗುಟ್ಟಾಗಿ ಸೇರುತ್ತಾ 1865ರವರೆಗೆ ಜೀವ ಹಿಡಿದುಕೊಂಡಿತು.

1955ರ ಡಿಸೆಂಬರ್ 1ರಂದು ಮಾಂಟ್ಗಮರಿಯ ಬಸ್ಸಿನಲ್ಲಿ ಏಳಲ್ಲ ಅಂದ ರೋಸಾ ಪಾರ್ಕ್ಸ್ ಇದೇ ಸಭೆಯವಳು. ಅಲ್ಲಿ 381 ದಿನ ಬಸ್ ಬಹಿಷ್ಕಾರ ನಡೆಯಿತು. ಚರ್ಚುಗಳಲ್ಲಿ ರಾತ್ರಿ ಸಭೆ. ಹಾಡು, ಪ್ರಾರ್ಥನೆ ಆದ ಮೇಲೆ ನಾಳೆ ಯಾರ ಕಾರು ಯಾವ ಬೀದಿಗೆ ಅನ್ನೋ ಮಾತು. ಜಾರ್ಜಿಯಾ ಗಿಲ್ಮೋರ್ ಅನ್ನುವ ಅಡುಗೆಯಾಕೆ ಹೆಂಗಸರನ್ನು ಕೂಡಿಸಿಕೊಂಡು ಕೇಕು, ಕೋಳಿ ಮಾರಿ ದುಡ್ಡು ತಂದು ಸಭೆಗೆ ಸುರಿಯುತ್ತಿದ್ದಳು. ಕೊಟ್ಟವರ ಹೆಸರು ಬಿಳಿ ಧಣಿಗಳಿಗೆ ತಿಳಿದರೆ ಕೆಲಸ ಹೋಗುತ್ತೆ. ಅದಕ್ಕೇ ಎಲ್ಲಿಂದಲೂ ಅಲ್ಲದವರ ಸಂಘ ಅಂತ ಅದಕ್ಕೆ ಹೆಸರಿಟ್ಟರು.

2015ರ ಜೂನ್ 17ರ ಬುಧವಾರ ರಾತ್ರಿ, ಚಾರ್ಲ್ಸ್‌ಟನ್ನಿನ ಅದೇ ಸಭೆಯ ಎಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಪಾಠಕ್ಕೆ ಕೂತಿದ್ದವರ ನಡುವೆ ಒಬ್ಬ ಬಿಳಿ ಹುಡುಗ ಬಂದು ಕೂತ. ಅವನಿಗೂ ಜಾಗ ಕೊಟ್ಟರು. ಕಡೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಗುಂಡು ಹಾರಿಸಿದ. ಒಂಬತ್ತು ಜನ ಸತ್ತರು. ಭಾನುವಾರ, 21ನೇ ತಾರೀಖು, ಆ ಚರ್ಚಿನ ಬಾಗಿಲು ತೆರೆದಿತ್ತು. ಜನ ಒಳಗೆ ತುಂಬಿ, ಹೊರಗೆ ಬೀದಿಯಲ್ಲೂ ನಿಂತಿದ್ದರು.