ತೂಗದೆ ಇಳಿಸಿಕೊಂಡ ಅಂಡಿಗೆ: ಚಿತ್ರ ಬಿಡಿಸುವ ತಂತ್ರಾಂಶಗಳ ಭದ್ರತಾ ದೋಷಗಳ ಚರಿತ್ರೆ

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಅಂಡಿಗೆ ಬಂದಿಳಿದರೆ, ತಂದವನು ಹೇಳಿದ ತೂಕವನ್ನೇ ಹಿಡಿದು ಯಾರೂ ಪಟ್ಟಿ ಬರೆಯುವುದಿಲ್ಲ. ಅದು ಕಾಟಾ ಏರಬೇಕು, ಎಲ್ಲರೆದುರು ತೂಗಬೇಕು. ತಂದವನ ಮೇಲಿನ ಅಪನಂಬಿಕೆಯಿಂದ ಹೀಗೆ ಮಾಡುವುದಲ್ಲ, ಪೇಟೆಯ ರಿವಾಜೇ ಹಾಗೆ. ನಮ್ಮ ಕೈಯ ಮೊಬೈಲಿನಲ್ಲಿ ಚಿತ್ರ ತೆರೆದು ತೋರಿಸುವ ತಂತ್ರಾಂಶಕ್ಕೆ ಈ ರಿವಾಜು ಬಹಳ ಕಾಲ ಇರಲಿಲ್ಲ. ಚಿತ್ರದ ಫೈಲು ತನ್ನ ಬಗ್ಗೆ ತಾನೇ ಬರೆದುಕೊಂಡು ತಂದ ಚೀಟಿಯನ್ನು ಅದು ನಂಬುತ್ತಿತ್ತು. 2000ದಿಂದ ಈಚೆಗೆ ಬಯಲಾದ ದೊಡ್ಡ ಚಿತ್ರ-ದೋಷಗಳನ್ನು ಸಾಲಾಗಿ ಇಟ್ಟು ನೋಡಿದರೆ, ಅವುಗಳಲ್ಲಿ ಹೆಚ್ಚಿನವುಗಳ ಬೇರು ಈ ಒಂದೇ ನಂಬಿಕೆಯಲ್ಲಿ ಸಿಗುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಹೋದವರು ಭಂಡಾರ ಹಚ್ಚಿದ ಮುಖದ ಫೋಟೋವನ್ನು ಅಲ್ಲಿಂದಲೇ ಕಳಿಸುತ್ತಾರೆ. ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ ಶುರುವಾಗುತ್ತಲೇ ರಾಣಿ ಚೆನ್ನಮ್ಮನ ಚಿತ್ರ ಊರೂರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುತ್ತದೆ. ರಾಮದುರ್ಗದ ನೇಕಾರರು ಸೀರೆಯ ಸೆರಗು ತೋರಿಸುವುದೂ ಈಗ ಫೋಟೋದಲ್ಲೇ. ಹೀಗೆ ಬಂದ ಚಿತ್ರವನ್ನು ನಾವು ಬೆರಳಿಂದ ಮುಟ್ಟುವ ಮೊದಲೇ, ಅದರ ಸಣ್ಣ ನಮೂನೆ ತೋರಿಸುವುದಕ್ಕಾಗಿ ಫೋನು ಬಹಳಷ್ಟು ಸಲ ಅದನ್ನು ಬಿಡಿಸಿ ಆಗಿರುತ್ತದೆ. ಕಾಳಜಿಯ ಸಂಗತಿ ಇದೇ.

ಬಿಡಿಸುವುದೆಂದರೇನು? 4,000 ಚುಕ್ಕೆ ಅಗಲ, 3,000 ಚುಕ್ಕೆ ಎತ್ತರದ ಒಂದು ಫೋಟೋದಲ್ಲಿ 1.2 ಕೋಟಿ ಚುಕ್ಕೆಗಳಿವೆ. ಚುಕ್ಕೆಗೆ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್ ಹಿಡಿದರೆ 3.6 ಕೋಟಿ ಬೈಟ್. ಅಷ್ಟನ್ನೂ ಕಳಿಸುವುದು ಕಷ್ಟ. ಜಿನ್ನಿಂಗ್ ಆದ ಅರಳೆಯನ್ನು ಪ್ರೆಸ್ಸಿನಲ್ಲಿ ಒತ್ತಿ ಗಂಟು ಕಟ್ಟುವ ಹಾಗೆ ಅದನ್ನು ಗಣಿತದಿಂದ ಒತ್ತಿ ಸಣ್ಣದು ಮಾಡುತ್ತಾರೆ. ಆ ಗಂಟು ಬಿಚ್ಚುವ ಕೆಲಸದ ತಂತ್ರಾಂಶವೇ ಡಿಕೋಡರ್. ಬಿಚ್ಚುವ ಮೊದಲು ಅದು ಫೈಲಿನ ತಲೆಯಲ್ಲಿರುವ ಅಗಲ-ಎತ್ತರಗಳನ್ನು ಓದಿ, ಅಷ್ಟಕ್ಕೆ ಸಾಲುವಷ್ಟು ಜಾಗವನ್ನು ಮೆಮೊರಿಯಲ್ಲಿ ಕಾದಿರಿಸುತ್ತದೆ. ಜೋಳದ ಹಗೇವು ತೋಡಿದಂತೆ ಎನ್ನಬಹುದು. ಹತ್ತು ಚೀಲಕ್ಕೆಂದು ತೋಡಿದ ಹಗೇವಿಗೆ ಇಪ್ಪತ್ತು ಚೀಲ ಸುರಿದರೆ ಕಾಳು ನೆಲದ ಮೇಲೆ ಚೆಲ್ಲೀತು, ಅಷ್ಟೇ. ಮೆಮೊರಿಯಲ್ಲಿ ಹಾಗಲ್ಲ: ಪಕ್ಕದಲ್ಲೇ ಬೇರೆಯವರ ಹಗೇವು ಇರುತ್ತದೆ, ಮತ್ತು ಅದರಲ್ಲಿ ಕಂಪ್ಯೂಟರು ಮುಂದೆ ಏನು ಮಾಡಬೇಕೆಂಬ ಅಪ್ಪಣೆಯೇ ಇದ್ದೀತು. ಚೆಲ್ಲಿದ ಕಾಳು ಆ ಅಪ್ಪಣೆಯನ್ನು ತಿದ್ದಿ ಬರೆಯುತ್ತದೆ. ಕಾಳನ್ನು ಜೋಡಿಸಿ ಕಳಿಸಿದವನ ಅಪ್ಪಣೆ ಅಲ್ಲಿಂದ ನಡೆಯತೊಡಗುತ್ತದೆ.

ದಾಖಲೆಯೊಂದು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಈ ಸೀಮೆಗೆ ಹೊಸದಲ್ಲ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಖೊಟ್ಟಿ ಶಾಸನಗಳನ್ನು ಕುರಿತೇ ಪ್ರತ್ಯೇಕ ಲೇಖನ ಬರೆದರು. ತಾಮ್ರಪಟವು ತನ್ನ ಕಾಲ ಇಂಥದೆಂದು ಹೇಳಿದರೆ ಅದು ಆ ಕಾಲದ್ದಾಗಬೇಕಿಲ್ಲ. ಲಿಪಿಯ ರೂಪ, ತಿಥಿ-ವಾರಗಳ ಲೆಕ್ಕ, ವಂಶಾವಳಿ ಮೂರನ್ನೂ ಹೊರಗಿನ ಆಧಾರಗಳೊಡನೆ ತಾಳೆ ನೋಡಬೇಕು ಎಂಬುದು ಆ ಓದಿನ ಶಿಸ್ತು. ಗಂಗರ ತಾಮ್ರಪಟಗಳ ವಿಷಯದಲ್ಲಿ ಫ್ಲೀಟರು ತೀರಾ ಬಿಗಿಯಾದರೆಂದು ಬಿ. ಎಲ್. ರೈಸ್ ವಾದಿಸಿದರು, ಆ ವಾದದಲ್ಲಿ ರೈಸರ ಪಾಲಿಗೂ ನ್ಯಾಯವಿದೆ. ಆದರೂ ತಾಳೆ ನೋಡದೆ ಒಪ್ಪಬಾರದು ಎಂಬಲ್ಲಿ ಇಬ್ಬರದೂ ಒಂದೇ ಮಾತು. ಚಿತ್ರ ಓದುವ ತಂತ್ರಾಂಶ ಬರೆದವರು ಇದೇ ಶಿಸ್ತಿಗೆ ಬರಲು ದಶಕಗಳು ಹಿಡಿದವು.

ಜೆಪೆಗ್ ಚಿತ್ರ ಬಿಡಿಸುವ ಲಿಬ್‌ಜೆಪೆಗ್ ಲೈಬ್ರರಿ 1991ರಲ್ಲಿ ಹೊರಬಂತು. ಪಿಎನ್‌ಜಿ ಮಾದರಿಯ ವಿವರಣೆ 1996ರಲ್ಲಿ ಸಿದ್ಧವಾಯಿತು. ಅವನ್ನು ಬರೆದವರು ಉಚಿತವಾಗಿ ಹಂಚಿದರು. ಜಗತ್ತು ಅವುಗಳ ಮೇಲೆ ಮನೆ ಕಟ್ಟಿಕೊಂಡಿತು. ಆಗ ಚಿಂತೆಯಿದ್ದದ್ದು ಚಿತ್ರ ಬೇಗ ಮೂಡಬೇಕೆಂಬುದರ ಬಗ್ಗೆ. ಕೆಟ್ಟ ಉದ್ದೇಶದಿಂದ ಕಟ್ಟಿದ ಚಿತ್ರವೊಂದು ಬಂದೀತೆಂಬ ಯೋಚನೆ ಯಾರ ತಲೆಯಲ್ಲೂ ಮುಂದಿರಲಿಲ್ಲ.

2000ದ ಜುಲೈನಲ್ಲಿ ಅದು ಬಂತು. ಸೋಲಾರ್ ಡಿಸೈನರ್ ಎಂಬ ಹೆಸರಿನಿಂದ ಬರೆಯುವ ಭದ್ರತಾ ತಜ್ಞರು ನೆಟ್‌ಸ್ಕೇಪ್ ಬ್ರೌಸರಿನ ಒಂದು ದೋಷವನ್ನು ಪ್ರಕಟಿಸಿದರು. ಜೆಪೆಗ್ ಫೈಲಿನೊಳಗೆ ಟಿಪ್ಪಣಿ ಬರೆದಿಡಲು ಒಂದು ಭಾಗವಿದೆ, ಅದರ ಮೊದಲ ಎರಡು ಬೈಟುಗಳಲ್ಲಿ ಆ ಭಾಗದ ಉದ್ದ ಇರುತ್ತದೆ. ಆ ಉದ್ದದಲ್ಲಿ ಈ ಎರಡು ಬೈಟುಗಳೂ ಸೇರಿಯೇ ಲೆಕ್ಕ. ಹಾಗಾಗಿ ಟಿಪ್ಪಣಿ ಖಾಲಿಯಿದ್ದರೂ ಉದ್ದ 2 ಇರಲೇಬೇಕು. ಫೈಲಿನಲ್ಲಿ 1 ಎಂದು ಬರೆದು ಕಳಿಸಿದರೆ? ತಂತ್ರಾಂಶ ಅದರಿಂದ 2 ಕಳೆಯಿತು, ಉಳಿದದ್ದು ಋಣ 1. ಋಣ ಚಿಹ್ನೆಯೇ ಇಲ್ಲದ ಸಂಖ್ಯಾಪದ್ಧತಿಯಲ್ಲಿ ಅದನ್ನು ಓದಿದಾಗ ಋಣ 1 ಎಂಬುದು 4,294,967,295 ಆಗುತ್ತದೆ. ಕೊನೆಯ ಗುರುತಿಗೆಂದು ಇನ್ನೊಂದು ಬೈಟ್ ಕೂಡಿಸಿದಾಗ ಆ ಮೊತ್ತ ಸುತ್ತಿ ಸೊನ್ನೆಗೆ ಬಂತು. ಹೀಗಾಗಿ ಕಾದಿರಿಸಿದ ಜಾಗ ಸೊನ್ನೆ, ಸುರಿಯಲು ಹೊರಟದ್ದು ನಾಲ್ಕು ನೂರು ಕೋಟಿ ಬೈಟಿಗೂ ಮೀರಿದ್ದು! ಎರಡಕ್ಕಿಂತ ಕಡಿಮೆಯಿದ್ದರೆ ತಿರಸ್ಕರಿಸು ಎಂಬ ಒಂದು ಸಾಲು ಬರೆದಿದ್ದರೆ ಈ ಅನಾಹುತವಿಲ್ಲ.

ಆ ಒಂದು ಸಾಲಿನ ಪಾಠವನ್ನು ಎಲ್ಲರೂ ಕಲಿತರೆ? ಇಲ್ಲ. 2004ರ ಸೆಪ್ಟೆಂಬರ್ 14ರಂದು ಮೈಕ್ರೋಸಾಫ್ಟ್ ತನ್ನ ಚಿತ್ರ ಲೈಬ್ರರಿಗೆ ತುರ್ತು ದರ್ಜೆಯ ತಿದ್ದುಪಡಿ ಕೊಟ್ಟಿತು. ದೋಷ ಇದ್ದದ್ದು ಜೆಪೆಗ್ ಟಿಪ್ಪಣಿಯ ಉದ್ದ 0 ಅಥವಾ 1 ಇದ್ದಾಗ. ನಾಲ್ಕು ವರ್ಷದ ಹಿಂದೆ ಬಹಿರಂಗವಾಗಿ ಬರೆದಿಟ್ಟಿದ್ದ ಅದೇ ತಪ್ಪು, ಬೇರೆ ಕಂಪನಿಯ ಬೇರೆ ಸಾಲುಗಳಲ್ಲಿ. ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಇದು. ದುರಾಸೆಯೋ ಅಜ್ಞಾನವೋ ಕಾರಣವಾಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಬಹಿರಂಗವಾಗಿದ್ದರೂ ಒಬ್ಬರ ಅನುಭವ ಇನ್ನೊಬ್ಬರ ಕೋಡಿಗೆ ತಲುಪಲಿಲ್ಲ.

ಅದೇ 2004ರ ಆಗಸ್ಟಿನಲ್ಲಿ ಭದ್ರತಾ ತಜ್ಞ ಕ್ರಿಸ್ ಇವಾನ್ಸ್, ಪಿಎನ್‌ಜಿ ಚಿತ್ರ ಬಿಡಿಸುವ ಲೈಬ್ರರಿಯಾದ ಲಿಬ್‌ಪಿಎನ್‌ಜಿಯ ಹಲವು ದೋಷಗಳನ್ನು ಹೊರಗಿಟ್ಟರು. ಒಂದೇ ಲೈಬ್ರರಿಯನ್ನು ನೂರಾರು ತಂತ್ರಾಂಶಗಳು ಒಳಗಿಟ್ಟುಕೊಂಡಿದ್ದರಿಂದ ಬಾವಿ ಕೆಟ್ಟರೆ ಓಣಿಯೆಲ್ಲ ಕೆಡುವ ಸ್ಥಿತಿ ಆಗ ಕಣ್ಣಿಗೆ ಬಿತ್ತು. ಇಂಥ ದೋಷಗಳ ಒಂದು ದೊಡ್ಡ ಗುಂಪು ಗುಣಾಕಾರದ್ದು. ಅಗಲ 65,536, ಎತ್ತರ 65,536 ಎಂದು ಚೀಟಿಯಲ್ಲಿದ್ದರೆ ಗುಣಲಬ್ಧ 4,294,967,296. 32 ಬಿಟ್ಟಿನ ಕೋಶದಲ್ಲಿ ಹಿಡಿಸುವುದು ಅದಕ್ಕಿಂತ ಒಂದು ಕಡಿಮೆ. ಆದ್ದರಿಂದ ಉತ್ತರ ಸೊನ್ನೆ ಎಂದು ಬರುತ್ತದೆ.

ಚೀಟಿಯ ಮೇಲಿನ ನಂಬಿಕೆಯೇ ಬೇರು ಎಂಬ ವಾದಕ್ಕೆ ಒಗ್ಗದ ಎರಡು ಪ್ರಕರಣಗಳನ್ನು ಇಲ್ಲಿಯೇ ಹೇಳಬೇಕು. 2005ರ ಡಿಸೆಂಬರ್ ಕೊನೆಯಲ್ಲಿ ಬಯಲಾದ, ಡಬ್ಲ್ಯುಎಂಎಫ್ ಎಂಬ ಚಿತ್ರ ಮಾದರಿಯ ದೋಷ ಲೆಕ್ಕದ ತಪ್ಪಲ್ಲ. ಚಿತ್ರದೊಳಗೆ ಅಪ್ಪಣೆ ಇಡಲು ಆ ಮಾದರಿಯಲ್ಲೇ ಅವಕಾಶವಿತ್ತು. 2016ರ ಇಮೇಜ್‌ಟ್ರ್ಯಾಜಿಕ್ ಕೂಡ ಹಾಗೆಯೇ. ಇಮೇಜ್‌ಮ್ಯಾಜಿಕ್ ತಂತ್ರಾಂಶ ಚಿತ್ರದೊಳಗಿನ ವಿಳಾಸವನ್ನು ಸೋಸದೆ ಸರ್ವರಿಗೆ ಆಜ್ಞೆಯಾಗಿ ಕೊಡುತ್ತಿತ್ತು.

ಮೊಬೈಲು ಬಂದ ಮೇಲೆ ಅಪಾಯದ ಸ್ವರೂಪ ಬದಲಾಯಿತು. ಕಂಪ್ಯೂಟರಿನಲ್ಲಿ ಜನ ಚಿತ್ರವನ್ನು ಹುಡುಕಿ ಹೋಗುತ್ತಿದ್ದರು. ಫೋನಿಗೆ ಚಿತ್ರ ತಾನಾಗಿ ಬರುತ್ತದೆ. 2019ರ ಅಕ್ಟೋಬರಿನಲ್ಲಿ ಪ್ರಕಟವಾದ, ಸಿವಿಇ-2019-11932 ಎಂಬ ಸಂಖ್ಯೆಯ ದೋಷ, ಆಂಡ್ರಾಯ್ಡ್ ವಾಟ್ಸ್ಆ್ಯಪ್ ಬಳಸುತ್ತಿದ್ದ ಗಿಫ್ ಲೈಬ್ರರಿಯದು. ಫೈಲಿನೊಳಗಿನ ಒಂದು ಚೌಕಟ್ಟು ತನ್ನ ಅಳತೆ ಸೊನ್ನೆ ಎಂದು ಹೇಳಿಕೊಂಡರೆ ಮೆಮೊರಿಯ ಒಂದೇ ತುಂಡನ್ನು ತಂತ್ರಾಂಶ ಎರಡು ಸಲ ಬಿಟ್ಟುಕೊಡುತ್ತಿತ್ತು. ಇಲ್ಲಿಯೂ ಚೀಟಿಯನ್ನೇ ನಂಬಿದ್ದು. ಮುಂದಿನ ವರ್ಷ ಗೂಗಲ್‌ನ ಪ್ರಾಜೆಕ್ಟ್ ಝೀರೋ ಭದ್ರತಾ ತಂಡದ ಮಾತೆಯುಷ್ ಯುರ್ಚಿಕ್, ಸ್ಯಾಮ್ಸಂಗ್ ಫೋನುಗಳ ಕ್ಯುಮೇಜ್ ಎಂಬ ಮಾದರಿಯ ಡಿಕೋಡರಿನಲ್ಲಿ ದೋಷಗಳ ರಾಶಿಯನ್ನೇ ಕಂಡರು. 2014ರ ಕೊನೆಯಿಂದ ಮಾರಾಟವಾದ ಸ್ಯಾಮ್ಸಂಗ್ ಫೋನುಗಳಲ್ಲೆಲ್ಲ ಅದಿತ್ತು. ಬಳಸುವವರು ಏನನ್ನೂ ಒತ್ತದಿದ್ದರೂ, ಬರೀ ಎಂಎಂಎಸ್ ಚಿತ್ರಗಳು ಬಂದರೇ ಸಾಕಾಗುತ್ತಿತ್ತು. 2020ರ ಮೇನಲ್ಲಿ ತಿದ್ದುಪಡಿ ಬಂತು.

ಆ ಹೊತ್ತಿಗೆ ಇಂಥ ದೋಷಗಳಿಗೆ ಖರೀದಿದಾರರು ಹುಟ್ಟಿದ್ದರು. 2021ರ ಜುಲೈನಲ್ಲಿ, ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಬೇಹುಗಾರಿಕೆ ತಂತ್ರಾಂಶದ ಕುರಿತ ಅಂತಾರಾಷ್ಟ್ರೀಯ ಪತ್ರಿಕಾ ತನಿಖೆ ಪ್ರಕಟವಾದಾಗ ಕರ್ನಾಟಕದ ಹೆಸರೂ ಬಂತು. 2019ರಲ್ಲಿ ಸಮ್ಮಿಶ್ರ ಸರ್ಕಾರ ಅಲುಗಾಡುತ್ತಿದ್ದ ದಿನಗಳಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ, ಹಾಗೂ ಎಚ್. ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಸಂಖ್ಯೆಗಳು ಸೋರಿಕೆಯಾದ ಪಟ್ಟಿಯಲ್ಲಿದ್ದವು ಎಂಬುದು ವರದಿ. ಪಟ್ಟಿಯಲ್ಲಿ ಸಂಖ್ಯೆಯಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿತ್ತೆಂದಲ್ಲ. ಎನ್‌ಎಸ್‌ಒ ಕಂಪನಿಯೂ ಕೇಂದ್ರ ಸರ್ಕಾರವೂ ಆರೋಪವನ್ನು ಅಲ್ಲಗಳೆದವು. ಸುಪ್ರೀಂ ಕೋರ್ಟು ನೇಮಿಸಿದ, ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಮೇಲ್ವಿಚಾರಣೆಯ ಸಮಿತಿಗೆ ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕೆಡುಕಿನ ತಂತ್ರಾಂಶ ಸಿಕ್ಕಿತು. ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. 2019ರಲ್ಲಿ ವಾಟ್ಸ್ಆ್ಯಪ್ ತಾನೇ ಒಪ್ಪಿಕೊಂಡ ಪೆಗಾಸಸ್ ದಾಳಿಯ ದಾರಿ ಚಿತ್ರವಾಗಿರಲಿಲ್ಲ, ವಾಟ್ಸ್ಆ್ಯಪ್ ಕರೆಯಾಗಿತ್ತು.

ಚಿತ್ರದ ದಾರಿ ಬೆಳಕಿಗೆ ಬಂದದ್ದು 2021ರ ಸೆಪ್ಟೆಂಬರ್ 13ರಂದು. ಟೊರಾಂಟೋದ ಸಿಟಿಜನ್ ಲ್ಯಾಬ್ ಸೌದಿ ಹೋರಾಟಗಾರರೊಬ್ಬರ ಐಫೋನಿನಲ್ಲಿ ಕಂಡ ಆ ದಾಳಿಗೆ ಫೋರ್ಸ್ಡ್ಎಂಟ್ರಿ ಎಂದು ಹೆಸರಿಟ್ಟಿತು. ಅದು ಕೆಲಸ ಮಾಡಿದ ಬಗೆಯನ್ನು ಅರಿಯಲು ಹಳೆಯ ಅಚ್ಚುಕೂಟವನ್ನು ನೆನೆಯಬೇಕು. ಮೊಳೆ ಜೋಡಿಸುವವರು ‘ಕ’ ಅಕ್ಷರಕ್ಕೆ ಪ್ರತಿ ಸಲ ಹೊಸ ಆಕಾರ ಕೆತ್ತುವುದಿಲ್ಲ, ಒಂದೇ ಅಚ್ಚಿನ ಮೊಳೆಯನ್ನು ಪುಟದ ತುಂಬ ಬಳಸುತ್ತಾರೆ. ಸ್ಕ್ಯಾನು ಮಾಡಿದ ಪುಟಗಳನ್ನು ಸಣ್ಣದು ಮಾಡುವ ಜೆಬಿಗ್2 ಎಂಬ ಪದ್ಧತಿಯೂ ಹೀಗೆಯೇ ಅಕ್ಷರಗಳ ಆಕಾರಗಳನ್ನು ಒಂದೆಡೆ ಕೂಡಿಟ್ಟು, ಎಲ್ಲಿ ಯಾವುದು ಎಂದಷ್ಟೇ ಬರೆಯುತ್ತದೆ. ಒಟ್ಟು ಎಷ್ಟು ಮೊಳೆ ಎಂದು ಕೂಡುವಾಗ ಮೊತ್ತ 32 ಬಿಟ್ಟನ್ನು ಮೀರಿ ಸಣ್ಣದಾಗಿ ಸುತ್ತಿಕೊಂಡಿತು. ಕಡಿಮೆ ಜಾಗ, ಹೆಚ್ಚು ಸರಕು: 2000ದ ಕಥೆಯೇ. ಆದರೆ ಮುಂದಿನದು ಹೊಸದು. ಹಾಸು-ಹೊಕ್ಕಿನಂತೆ ಒಂದು ಚಿತ್ರದ ಚುಕ್ಕೆಗಳನ್ನು ಇನ್ನೊಂದರ ಜೊತೆ ಬೆರೆಸುವ ಜೆಬಿಗ್2ರ ಸರಳ ಅಪ್ಪಣೆಗಳನ್ನು 70,000ಕ್ಕೂ ಹೆಚ್ಚು ಜೋಡಿಸಿ, ದಾಳಿಕೋರರು ಚಿತ್ರದೊಳಗೇ ಒಂದು ಪುಟ್ಟ ಕಂಪ್ಯೂಟರನ್ನು ನೇಯ್ದಿದ್ದರು. ಹೆಸರು ಗಿಫ್, ಒಳಗೆ ಪಿಡಿಎಫ್. ಪ್ರಾಜೆಕ್ಟ್ ಝೀರೋ ಅದರ ವಿಶ್ಲೇಷಣೆಯನ್ನು ಆ ವರ್ಷದ ಡಿಸೆಂಬರಿನಲ್ಲಿ ಪ್ರಕಟಿಸಿತು. ಬಂದ ಸಂದೇಶಗಳನ್ನು ಬೇರೆ ಕೋಣೆಯಲ್ಲಿಟ್ಟು ಬಿಚ್ಚಲು ಆ್ಯಪಲ್ 2020ರಲ್ಲಿ ಕಟ್ಟಿದ್ದ ಬ್ಲಾಸ್ಟ್‌ಡೋರ್ ಎಂಬ ಗೋಡೆಯ ಹೊರಗೆ ಗಿಫ್ ಕೆಲಸ ನಡೆಯುತ್ತಿತ್ತು, ಆದ್ದರಿಂದ ಗೋಡೆ ಉಪಯೋಗಕ್ಕೆ ಬರಲಿಲ್ಲ.

ಎರಡು ವರ್ಷಗಳ ಬಳಿಕ ಬಂದ ವೆಬ್‌ಪಿ ದೋಷ ನಮ್ಮ ತಾಲ್ಲೂಕುಗಳಿಗೆ ಇನ್ನೂ ಹತ್ತಿರದ್ದು, ಏಕೆಂದರೆ ವಾಟ್ಸ್ಆ್ಯಪ್ ಸ್ಟಿಕರುಗಳು ಸಾಮಾನ್ಯವಾಗಿ ವೆಬ್‌ಪಿ ಚಿತ್ರಗಳು. 2023ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಮತ್ತು ಸಿಟಿಜನ್ ಲ್ಯಾಬ್ ಇದನ್ನು ಗೂಗಲ್‌ಗೆ ತಿಳಿಸಿದವು, ಅದಕ್ಕೆ ಸಿವಿಇ-2023-4863 ಎಂಬ ಸಂಖ್ಯೆ ಬಿತ್ತು. ಹೆಚ್ಚು ಬರುವ ಬಣ್ಣಕ್ಕೆ ಚಿಕ್ಕ ಸಂಕೇತ, ಅಪರೂಪದ್ದಕ್ಕೆ ಉದ್ದ ಸಂಕೇತ ಕೊಡುವುದು ಹಫ್ಮನ್ ಪದ್ಧತಿ. ಯಾವ ಬಣ್ಣಕ್ಕೆ ಎಷ್ಟುದ್ದ ಎಂಬ ಪಟ್ಟಿಯನ್ನು ಚಿತ್ರವೇ ತರುತ್ತದೆ. ಸರಿಯಾದ ಪಟ್ಟಿಗಳಿಗೆ ಗರಿಷ್ಠ ಎಷ್ಟು ಜಾಗ ಬೇಕೆಂದು ಬರೆದವರು ಮೊದಲೇ ನಿಖರವಾಗಿ ಲೆಕ್ಕ ಹಾಕಿಟ್ಟಿದ್ದರು. ಆದರೆ ಪಟ್ಟಿ ಸರಿಯೋ ಅಲ್ಲವೋ ಎಂಬ ಪರೀಕ್ಷೆ ನಡೆಯುತ್ತಿದ್ದದ್ದು ಬರೆದು ಮುಗಿಸಿದ ಮೇಲೆ. ತಪ್ಪು ಪಟ್ಟಿ ಬಂದರೆ ಪರೀಕ್ಷೆಗೆ ಮೊದಲೇ ಅಕ್ಷರ ಗಡಿ ದಾಟುತ್ತಿತ್ತು. ಲಿಬ್‌ವೆಬ್‌ಪಿ 1.3.2ರಲ್ಲಿ ಬಂದ ತಿದ್ದುಪಡಿ ಮೊದಲು ಬರಿದೇ ಅಳೆದು ನೋಡುತ್ತದೆ, ನಂತರ ಜಾಗ ಕೊಡುತ್ತದೆ. ಬೈಲಹೊಂಗಲದ ಕಾಟಾದ ಕ್ರಮ!

ಇದು ಅಲಕ್ಷ್ಯಕ್ಕೊಳಗಾದ ಲೈಬ್ರರಿಯಾಗಿರಲಿಲ್ಲ. ಯದ್ವಾತದ್ವಾ ಕೆಡಿಸಿದ ಫೈಲುಗಳನ್ನು ಯಂತ್ರವೇ ಸೃಷ್ಟಿಸಿ ಉಣಿಸಿ ಪರೀಕ್ಷಿಸುವ ಫಜಿಂಗ್ ಎಂಬ ವಿಧಾನ ಇದರ ಮೇಲೆ ವರ್ಷಗಟ್ಟಲೆ ನಡೆದಿತ್ತು. ಅಷ್ಟೊಂದು ಸೂಕ್ಷ್ಮವಾಗಿ ಹೊಂದಿಕೊಂಡ ತಪ್ಪು ಪಟ್ಟಿ ಆ ಯಂತ್ರಕ್ಕೆ ಸಿಗಲಿಲ್ಲ. ಆದ್ದರಿಂದ ಗಡಿ ಮೀರುವುದನ್ನೇ ಬಿಡದ ರಸ್ಟ್ ಮುಂತಾದ ಭಾಷೆಗಳಲ್ಲಿ ಡಿಕೋಡರುಗಳನ್ನು ಮತ್ತೆ ಬರೆಯುವ ಈಗಿನ ಪ್ರಯತ್ನಕ್ಕೆ ನನ್ನ ಪೂರ್ಣ ಸಹಮತವಿದೆ. ಆ ಕೆಲಸ ಮುಗಿಯಲು ಇನ್ನೂ ಕಾಲ ಬೇಕು. 2025ರ ಆಗಸ್ಟಿನಲ್ಲಿ ಆ್ಯಪಲ್ ತಿದ್ದಿದ ಸಿವಿಇ-2025-43300ರಲ್ಲಿ, ಡಿಎನ್‌ಜಿ ಎಂಬ ಕ್ಯಾಮೆರಾ ಮಾದರಿಯ ಒಂದೇ ಫೈಲು ಚುಕ್ಕೆಗೆ ಎಷ್ಟು ಬಣ್ಣವೆಂದು ಎರಡು ಕಡೆ ಎರಡು ಲೆಕ್ಕ ಕೊಡುತ್ತಿತ್ತು. ಅವೆರಡನ್ನೂ ತಂತ್ರಾಂಶ ತಾಳೆ ನೋಡಿರಲಿಲ್ಲ.

ತಿದ್ದುಪಡಿ ಹೊರಟರೂ ಎಲ್ಲ ಫೋನನ್ನೂ ಮುಟ್ಟುವುದಿಲ್ಲ. ವಾಟ್ಸ್ಆ್ಯಪ್ ಅಪ್‌ಡೇಟ್ ಮಾಡಿದರೆ ಅದರೊಳಗಿನ ಲೈಬ್ರರಿ ಸರಿಹೋಗುತ್ತದೆ. ಅದೇ ಚಿತ್ರವನ್ನು ಉಳಿಸಿಕೊಂಡು ಗ್ಯಾಲರಿಯಲ್ಲಿ ತೆರೆದಾಗ ಬಿಡಿಸುವುದು ಫೋನಿನದೇ ಲೈಬ್ರರಿ. ಅದು ಸರಿಹೋಗಲು ಫೋನು ಮಾಡಿದ ಕಂಪನಿಯ ಅಪ್‌ಡೇಟ್ ಬೇಕು. ಕೆಲವು ವರ್ಷಗಳಾದ ಮೇಲೆ ಕಂಪನಿ ಅದನ್ನು ನಿಲ್ಲಿಸುತ್ತದೆ. ನಮ್ಮ ಕಡೆ ಆ ಫೋನು ಅಲ್ಲಿಗೆ ಮೂಲೆ ಸೇರುವುದಿಲ್ಲ. ಮಗ ಹೊಸದು ಕೊಂಡಾಗ ಹಳೆಯದು ಅಪ್ಪನ ಕಿಸೆಗೆ ಬರುತ್ತದೆ, ಅಲ್ಲಿಂದ ಅವ್ವನ ಕೈಗೆ. 2023ರ ಸೆಪ್ಟೆಂಬರಿಗೆ ಮುಂಚೆಯೇ ಅಪ್‌ಡೇಟ್ ನಿಂತ ಅಂಥ ಫೋನಿನ ಗ್ಯಾಲರಿಯಲ್ಲಿ, ಹುಣ್ಣಿಮೆಯ ದಿನ ಗುಡ್ಡದಿಂದ ಬಂದ ಎಲ್ಲಮ್ಮನ ವೆಬ್‌ಪಿ ಚಿತ್ರವನ್ನು ಇಂದಿಗೂ ಬಿಡಿಸುತ್ತಿರುವುದು ತೂಗುವ ಮೊದಲೇ ಪಟ್ಟಿ ಬರೆಯುವ ಆ ಹಳೆಯ ಲೈಬ್ರರಿಯೇ.