ಮುಂದಿನ ಸಾಲು ಅಗ್ಗವಾದ ಕಥೆ

ಕಂಪನಿ ನಾಟಕ ನೋಡಿದವರಿಗೆ ಗೊತ್ತು: ಮುಂದಿನ ಕುರ್ಚಿಗೆ ಹೆಚ್ಚು ದುಡ್ಡು, ಹಿಂದೆ ಹೋದಷ್ಟೂ ಅಗ್ಗ. ಸಿನಿಮಾ ಟಾಕೀಸಿನಲ್ಲಿ ಇದು ತಲೆಕೆಳಗು. ಪರದೆಯ ಬುಡದಲ್ಲಿರುವುದು ಗಾಂಧಿ ಕ್ಲಾಸು. ದುಬಾರಿ ಬಾಲ್ಕನಿ ಇರುವುದು ಕಟ್ಟಕಡೆಗೆ. ನಾಟಕದಲ್ಲಿ ನಟನ ಮುಖ ಕಾಣಬೇಕಾದರೆ ನಾವೇ ಹತ್ತಿರ ಹೋಗಿ ಕೂರಬೇಕು. ಸಿನಿಮಾದಲ್ಲಿ ಆ ಕೆಲಸವನ್ನು ಕ್ಯಾಮೆರಾ ಮೊದಲೇ ಮಾಡಿ ಮುಗಿಸಿರುತ್ತದೆ. ನಾಯಕಿಯ ಕಣ್ಣಂಚಿನ ಹನಿ ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ಒಂದೇ ಗಳಿಗೆಯಲ್ಲಿ ಕಾಣುತ್ತದೆ. ಪ್ರೇಕ್ಷಕ ಕೂತಲ್ಲೇ ಕೂತಿರುತ್ತಾನೆ. ಅವನ ಕಣ್ಣನ್ನು ಮಾತ್ರ ಯಾರೋ ಎತ್ತಿ ಅಲ್ಲಿ ಇಲ್ಲಿ ಇಡುತ್ತಿರುತ್ತಾರೆ. ಚಲನಚಿತ್ರ ತಂತ್ರದ 130 ವರ್ಷಗಳ ಚರಿತ್ರೆ ಹೆಚ್ಚುಕಡಿಮೆ ಈ ಎತ್ತಿಡುವ ಕೆಲಸದ ಚರಿತ್ರೆ.

ಕತ್ತರಿ ಬಂದದ್ದು

ಮೊದಮೊದಲು ಹೀಗಿರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದೂ ಒಂದು ನಿಮಿಷದೊಳಗಿನವು. ಮುಂದಿನ ವರ್ಷ ಜುಲೈ 7ರಂದು ಅವರ ಚಿತ್ರಗಳು ಬೊಂಬಾಯಿಯ ವಾಟ್ಸನ್ ಹೋಟೆಲಿಗೂ ಬಂದವು. ಕ್ಯಾಮೆರಾ ಒಂದು ಕಡೆ ನಿಂತು, ಸುರುಳಿ ಮುಗಿಯುವವರೆಗೆ ಎದುರಿಗಿದ್ದುದನ್ನು ನೋಡುತ್ತಿತ್ತು. ಅದು ನಾಟಕದ ಒಂದು ಒಳ್ಳೆಯ ಸೀಟು, ಅಷ್ಟೇ.

1903ರಲ್ಲಿ ಎಡ್ವಿನ್ ಪೋರ್ಟರ್ ಮಾಡಿದ ‘ದ ಗ್ರೇಟ್ ಟ್ರೇನ್ ರಾಬರಿ’ಯಲ್ಲಿ ದರೋಡೆಕೋರನೊಬ್ಬ ಎದೆಮಟ್ಟದ ಶಾಟಿನಲ್ಲಿ ನೇರ ಪ್ರೇಕ್ಷಕರತ್ತ ಪಿಸ್ತೂಲು ಹಾರಿಸುತ್ತಾನೆ. ಈ ತುಣುಕನ್ನು ಚಿತ್ರದ ಮೊದಲಿಗಾದರೂ ಸರಿ, ಕೊನೆಗಾದರೂ ಸರಿ, ಅಂಟಿಸಿಕೊಳ್ಳಿ ಎಂದು ಪ್ರದರ್ಶಕರಿಗೆ ಹೇಳಲಾಗಿತ್ತು. ಹತ್ತಿರದ ಮುಖ ಆಗಿನ್ನೂ ಬೆಚ್ಚಿಬೀಳಿಸುವ ಚಮತ್ಕಾರ. ಕಥೆಯೊಳಗೆ ಅದಕ್ಕೊಂದು ಜಾಗ ಸಿಕ್ಕಿರಲಿಲ್ಲ. ಆ ಜಾಗವನ್ನು ಗಟ್ಟಿ ಮಾಡಿದವರಲ್ಲಿ ಡಿ. ಡಬ್ಲ್ಯು. ಗ್ರಿಫಿತ್ ಮುಖ್ಯ. 1909ರ ‘ದ ಲೋನ್ಲಿ ವಿಲ್ಲಾ’ದಲ್ಲಿ ಮನೆಗೆ ನುಗ್ಗುತ್ತಿರುವ ಕಳ್ಳರು, ಒಳಗೆ ಸಿಕ್ಕಿಬಿದ್ದ ಹೆಂಡತಿ ಮಕ್ಕಳು, ದಾರಿಯಲ್ಲಿ ಓಡಿ ಬರುತ್ತಿರುವ ಗಂಡ, ಹೀಗೆ ಮೂರು ಕಡೆಯನ್ನೂ ಆತ ಸರದಿಯಂತೆ ತೋರಿಸಿದ. ಇಂದಿಗೂ ಕ್ಲೈಮ್ಯಾಕ್ಸಿನಲ್ಲಿ ನಾಯಕನ ಬೈಕು ಸಿಗ್ನಲ್ಲಿನಲ್ಲಿ ನಿಂತರೆ ನಮ್ಮ ಉಸಿರು ಬಿಗಿಯಾಗುವುದು ಈ ಉಪಾಯದಿಂದಲೇ. ಇದೇ ಗ್ರಿಫಿತ್ 1915ರಲ್ಲಿ ಇದೇ ಕೌಶಲವನ್ನು ಕರಿಯರ ಮೇಲಿನ ದ್ವೇಷವನ್ನು ಮೆರೆಸುವ ಚಿತ್ರಕ್ಕೆ ಬಳಸಿದ. ಯಾರ ಕಡೆಗೆ ನಿಂತು ನಡುಗಬೇಕೆಂದು ಕತ್ತರಿ ಹೇಳಿಕೊಟ್ಟರೆ ನೋಡುಗ ಹಿಂದೆಮುಂದೆ ನೋಡದೆ ಅಲ್ಲೇ ನಿಂತುಬಿಡುತ್ತಾನೆ ಎಂಬ ಎಚ್ಚರಿಕೆಯೂ ಅಲ್ಲಿಂದಲೇ ಶುರು.

ರಷ್ಯಾದ ಲೆವ್ ಕುಲೆಶೋವ್ ನಡೆಸಿದ ಪ್ರಯೋಗ ಈ ಗುಟ್ಟನ್ನು ಇನ್ನಷ್ಟು ಬಿಚ್ಚಿಟ್ಟಿತು. ಮೊಝುಕಿನ್ ಎಂಬ ನಟನ ಭಾವವಿಲ್ಲದ ಮುಖದ ಒಂದೇ ಶಾಟು. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ತಟ್ಟೆ, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು. ನೋಡಿದವರು ಅವನ ಹಸಿವನ್ನು ಕಂಡರಂತೆ, ದುಃಖವನ್ನು ಕಂಡರಂತೆ, ಆಸೆಯನ್ನೂ ಕಂಡರಂತೆ. ಮುಖ ಮಾತ್ರ ಬದಲಾಗಿರಲೇ ಇಲ್ಲ. ಭಾವ ಇದ್ದದ್ದು ಎರಡು ಶಾಟುಗಳ ನಡುವಿನ ಅಂಟಿನಲ್ಲಿ, ಅದನ್ನು ತುಂಬಿದವನು ಪ್ರೇಕ್ಷಕ. ಐಸೆನ್‌ಸ್ಟೈನ್ 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ನ ಒಡೆಸ್ಸಾ ಮೆಟ್ಟಿಲುಗಳ ದೃಶ್ಯದಲ್ಲಿ ಈ ಅಂಟನ್ನೇ ಸಿಡಿಮದ್ದಾಗಿಸಿದ. 1960ರ ‘ಸೈಕೋ’ದಲ್ಲಿ ಹಿಚ್‌ಕಾಕ್ ಸ್ನಾನದ ಮನೆಯ ಕೊಲೆಯನ್ನು ಸಣ್ಣಸಣ್ಣ ತುಣುಕುಗಳಲ್ಲಿ ಕತ್ತರಿಸಿ ಜೋಡಿಸಿದ. ಚಾಕು ಎತ್ತಿದ್ದು, ಚೀರಿದ್ದು, ನೀರಿನಲ್ಲಿ ರಕ್ತ ಹರಿದದ್ದು ನಮಗೆ ಕಾಣುತ್ತವೆ. ಇರಿತವನ್ನು ಬಹುಮಟ್ಟಿಗೆ ಪೂರ್ತಿ ಮಾಡಿಕೊಳ್ಳುವವರು ನಾವೇ.

ಮೈಸೂರಿನವರ ಬಿಸಿಲು

ಕಣ್ಣನ್ನು ಎಳೆಯಲು ಕತ್ತರಿಯೇ ಬೇಕೆಂದಿಲ್ಲ, ಬೆಳಕೂ ಸಾಕು. ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ಗೆ (1956) ಕಾಶಿಯ ಮನೆಯ ಅಂಗಳವನ್ನು ಸ್ಟುಡಿಯೋದೊಳಗೆ ಕಟ್ಟಿದಾಗ, ಛಾಯಾಗ್ರಾಹಕ ಸುಬ್ರತ ಮಿತ್ರ ಆಕಾಶವಿರಬೇಕಾದ ಕಡೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಬಡಿಸಿ ಕೆಳಕ್ಕೆ ಇಳಿಸಿದರು. ದೀಪದ ಗುರುತೇ ಸಿಗದ, ನೆರಳು ಚೆಲ್ಲದ ಹಗಲು ಅದು. ನೋಡುವವನು ಸೆಟ್ಟನ್ನು ಮರೆತ.

ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ. ಕೆ. ಮೂರ್ತಿ ಮೂರು ವರ್ಷದ ನಂತರ ಇದಕ್ಕೆ ಉಲ್ಟಾ ಹಾದಿ ಹಿಡಿದರು. ಗುರುದತ್ತರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಖಾಲಿ ಸ್ಟುಡಿಯೋದ ಕತ್ತಲೆ. ಮೇಲಿನಿಂದ ಓರೆಯಾಗಿ ಇಳಿಯುವ ಒಂದು ಬೆಳಕಿನ ಕಂಬ. ಅದರೊಳಗೆ ತೇಲುವ ಧೂಳು. ದೊಡ್ಡ ದೀಪಗಳಿಂದ ಬಾರದ ಆ ಕೋಲುಬೆಳಕನ್ನು ಮೂರ್ತಿ ಎರಡು ಕನ್ನಡಿಗಳಿಂದ ತಂದರು. ಹೊರಗಿನ ಬಿಸಿಲನ್ನು ಒಂದು ಕನ್ನಡಿ ಹಿಡಿದು ಒಳಗೆ ಕಳಿಸುತ್ತದೆ, ಎತ್ತರದಲ್ಲಿಟ್ಟ ಇನ್ನೊಂದು ಅದನ್ನು ನೆಲಕ್ಕೆ ಇಳಿಸುತ್ತದೆ. ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ; ನಡುವೆ ಈ ಬೆಳಕು ನಿಂತಿರುತ್ತದೆ. ಕೈಗೆ ಸಿಗದ ಪ್ರೀತಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೇ ಇಲ್ಲ. ಚಿತ್ರ ಆಗ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಬೆಳಕು ಉಳಿಯಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಕಣ್ಣಿಗೆ ಸ್ವಾತಂತ್ರ್ಯ

ಎಲ್ಲರೂ ಕಣ್ಣನ್ನು ಎಳೆದಾಡಿದವರೇನಲ್ಲ. ಆರ್ಸನ್ ವೆಲ್ಸ್‌ನ ‘ಸಿಟಿಜನ್ ಕೇನ್’ನಲ್ಲಿ (1941) ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹತ್ತಿರದ ವಸ್ತುವೂ ದೂರದ ವಸ್ತುವೂ ಒಟ್ಟಿಗೆ ನಿಚ್ಚಳವಾಗಿ ಕಾಣುವಂತೆ ಸೆರೆಹಿಡಿದ. ಮುಂದುಗಡೆ ತಾಯಿ ಮಗನನ್ನು ಬೇರೆಯವರ ಸುಪರ್ದಿಗೆ ಕೊಡುವ ಕಾಗದಕ್ಕೆ ಸಹಿ ಹಾಕುತ್ತಿದ್ದಾಳೆ. ಹಿಂದೆ ಕಿಟಕಿಯಾಚೆ ಆ ಹುಡುಗ ಏನೂ ತಿಳಿಯದೆ ಹಿಮದಲ್ಲಿ ಆಡುತ್ತಿದ್ದಾನೆ. ಯಾರನ್ನು ನೋಡಬೇಕು? ಅದು ನೋಡುವವನ ಇಷ್ಟ. ಇಂಥ ಶಾಟು ಪ್ರೇಕ್ಷಕನಿಗೆ ಆಯ್ಕೆಯನ್ನು ಹಿಂದಿರುಗಿಸುತ್ತದೆ ಎಂದು ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ವಾದಿಸಿದ.

ಕನ್ನಡದಲ್ಲಿ ಈ ಎರಡೂ ದಾರಿಗಳು 1970ರ ದಶಕದಲ್ಲಿ ಜೊತೆಜೊತೆಗೇ ಸಾಗಿದವು. ಪುಟ್ಟಣ್ಣ ಕಣಗಾಲ್ ‘ನಾಗರಹಾವು’ (1972) ಚಿತ್ರದ ಒಂದು ಪ್ರೇಮಗೀತೆಯನ್ನು ನಿಧಾನ ಚಲನೆಯಲ್ಲಿ ತೆಗೆದರು. ತಂತ್ರ ಸರಳ: ಸೆಕೆಂಡಿಗೆ 24ಕ್ಕಿಂತ ಹೆಚ್ಚು ಚೌಕಟ್ಟು ತೆಗೆದು, 24ರ ವೇಗದಲ್ಲೇ ಓಡಿಸುವುದು. ಪರಿಣಾಮ ಸರಳವಲ್ಲ. ಹರೆಯದ ಹುಡುಗನಿಗೆ ಆ ಗಳಿಗೆ ಎಷ್ಟು ದೀರ್ಘವೋ ನಮಗೂ ಅಷ್ಟೇ ದೀರ್ಘ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇನ್ನೊಂದು ತುದಿ. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಕ್ಯಾಮೆರಾ ವೇದಪಾಠಕ್ಕೆ ಬಂದ ಬಾಲಕ ನಾಣಿಯ ಜೊತೆಗಿರುತ್ತದೆ. ವಿಧವೆ ಯಮುನೆಯ ಸುತ್ತ ಏನು ನಡೆಯುತ್ತಿದೆ ಎಂಬುದು ಅವನಿಗೆ ಅರೆಬರೆ; ನಮಗೆ ಪೂರ್ತಿ. ಕೊನೆಗೆ ಊರು ಬಿಟ್ಟು ಹೊರಟ ಹುಡುಗನಿಗೆ ತಲೆ ಬೋಳಿಸಿದ ಯಮುನೆ ಮರದಡಿ ಕೂತದ್ದು ಕಾಣುತ್ತದೆ. ಚಿತ್ರ ತೀರ್ಪು ಕೊಡುವುದಿಲ್ಲ. ಅವನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆಯಲ್ಲ, ಆ ಅಂತರವೇ ಸಂಕಟ.

ಕಿವಿಯ ಪಾಲು

ಸದ್ದು ಬಂದಾಗ ತಂತ್ರ ಒಂದು ಹೆಜ್ಜೆ ಹಿಂದೆ ಸರಿದಿತ್ತು. ಗರಗರ ಎನ್ನುವ ಕ್ಯಾಮೆರಾವನ್ನು ಗೂಡಿನಲ್ಲಿ ಮುಚ್ಚಬೇಕಾಯಿತು, ನಟರು ಮೈಕಿನ ಹತ್ತಿರವೇ ನಿಲ್ಲಬೇಕಾಯಿತು. ಸಿನಿಮಾ ಮತ್ತೆ ನಾಟಕದ ಸೀಟಿಗೆ ಬಂದು ಕೂತಿತು. 1934ರ ಮಾರ್ಚ್ 3ರಂದು ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾಯಿತು. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ರಂಗಭೂಮಿಯಿಂದಲೇ ಬಂದವರು. ಮುಂದೆ ಡಬ್ಬಿಂಗ್ ರೂಢಿಯಾಗಿ ಕ್ಯಾಮೆರಾ ಬಿಡುಗಡೆಯಾಯಿತು. ಬದಲಿಗೆ ಹೊಲದ ನಡುವೆ ನಿಂತವನ ದನಿ ನಾಲ್ಕು ಗೋಡೆಯ ಕೋಣೆಯಿಂದ ಬರತೊಡಗಿತು.

ಸದ್ದಿನ ಬೆಲೆಯನ್ನು ಮಾತಿಲ್ಲದೆಯೇ ಹೇಳಿದ್ದು ಬೆಂಗಳೂರಿನಲ್ಲಿ ಚಿತ್ರಿತವಾದ, ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987). ಟಾಕೀಸಿನ ಪಕ್ಕದ ಕೋಣೆಯಲ್ಲಿ ಹೊಡೆದಾಟದ ಗದ್ದಲ ಕೇಳುತ್ತ ಮಲಗಿ ರೂಢಿಯಾದ ನಿರುದ್ಯೋಗಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬರುವುದಿಲ್ಲ. ಆ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡ ಮೇಲೆಯೇ ಅವನ ಕಣ್ಣು ಮುಚ್ಚುವುದು. ನಗುತ್ತ ನಗುತ್ತ ಅವನ ಬಡತನ ನಮ್ಮ ಕಿವಿಗೆ ತಾಗುತ್ತದೆ.

ರಾಮ್ ರೆಡ್ಡಿಯವರ ‘ತಿಥಿ’ (2015) ಮಂಡ್ಯದ ಹಳ್ಳಿಗೆ ಹೋಗಿ, ಊರಿನವರನ್ನೇ ನಟರಾಗಿಸಿ ಅವರ ಮಾತನ್ನು ಅವರ ಬಾಯಿಂದಲೇ ಪರದೆಗೆ ತಂದಿತು. ಶುರುವಿನಲ್ಲಿ ಸೆಂಚುರಿ ಗೌಡ ರಸ್ತೆ ಬದಿ ಕೂತು ಹೋಗಿಬರುವವರನ್ನೆಲ್ಲ ಛೇಡಿಸುತ್ತಾನೆ. ಕ್ಯಾಮೆರಾಗೆ ಅವಸರವಿಲ್ಲ. ಸ್ವಲ್ಪ ಹೊತ್ತಿಗೆ ಎದ್ದುಹೋದ ಅಜ್ಜ ಬಿದ್ದು ಸಾಯುತ್ತಾನೆ. ಅಷ್ಟು ಹೊತ್ತು ಅವನ ಜೊತೆ ಕೂತದ್ದರಿಂದಲೇ ಆ ಸಾವು ನಮ್ಮ ಬೀದಿಯ ಸಾವಾಗುತ್ತದೆ.

ಅಷ್ಟು ಹೊತ್ತು ಕೂರುವವರು ಯಾರು ಎಂಬುದು ಈಗಿನ ಪ್ರಶ್ನೆ. ಮೊಬೈಲಿನಲ್ಲಿ ಮುಂದಿನ ಸಾಲೂ ಇಲ್ಲ, ಬಾಲ್ಕನಿಯೂ ಇಲ್ಲ. ಪರದೆಯನ್ನು ಎರಡು ಸಲ ತಟ್ಟಿದರೆ ದೃಶ್ಯ ಹತ್ತು ಸೆಕೆಂಡು ಮುಂದಕ್ಕೆ ಜಿಗಿಯುತ್ತದೆ. ಗ್ರಿಫಿತ್ ಹಿಡಿದಿದ್ದ ಕತ್ತರಿ ಕೊನೆಗೂ ಪ್ರೇಕ್ಷಕನ ಹೆಬ್ಬೆರಳಿಗೆ ಬಂದಿದೆ. ರಸ್ತೆ ಬದಿಯ ಆ ಅಜ್ಜನ ಮೇಲೆ ಎರಡು ಸಲ ತಟ್ಟಿದವನಿಗೂ ಕಥೆ ಅರ್ಥವಾಗುತ್ತದೆ. ಗೌಡ ಸತ್ತ ಎಂಬುದು ತಿಳಿಯುತ್ತದೆ. ಆದರೆ ಅವನ ಪಾಲಿಗೆ ಸತ್ತದ್ದು ಯಾರೋ ಒಬ್ಬ ಮುದುಕ.