105 ಇಂಚಿನ ಅಲ್ಟ್ರಾವೈಡ್ ಪರದೆ 98 ಇಂಚಿನ ಟಿವಿಗಿಂತ ದೊಡ್ಡದೇ?

ಬೋರ್ಡ್‌ರೂಮಿಗೆ ಪರದೆ ಕೊಳ್ಳುವಾಗ ಇಂಚು ಹೆಚ್ಚಿದ್ದದ್ದೇ ದೊಡ್ಡದು ಎಂಬ ನಂಬಿಕೆ ಹಲವರಲ್ಲಿದೆ. ಇದು ಪೂರ್ತಿ ನಿಜವಲ್ಲ.

ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. 21:9 ಅನುಪಾತದ 105 ಇಂಚಿನ ಅಲ್ಟ್ರಾವೈಡ್ ಪರದೆ ಸುಮಾರು 97 ಇಂಚು ಅಗಲ, 41 ಇಂಚು ಎತ್ತರ ಇರುತ್ತದೆ. ಮಾಮೂಲಿ 16:9 ಅನುಪಾತದ 98 ಇಂಚಿನ ಟಿವಿ 85 ಇಂಚು ಅಗಲ, 48 ಇಂಚು ಎತ್ತರ. ಗುಣಿಸಿ ನೋಡಿ, ವಿಸ್ತೀರ್ಣದಲ್ಲೂ 98 ಇಂಚಿನದೇ ಮುಂದೆ!

ಕೊನೆಯ ಕುರ್ಚಿಯಲ್ಲಿ ಕೂತವರಿಗೆ ಅಕ್ಷರ ಕಾಣುತ್ತದೋ ಇಲ್ಲವೋ ಎಂಬುದು ಪರದೆಯ ಎತ್ತರದ ಮೇಲೆ ನಿಂತಿದೆ. ಎತ್ತರದ ಆರು ಪಟ್ಟು ದೂರದವರೆಗೆ ಸ್ಲೈಡ್ ಓದಬಹುದು ಎಂಬುದು ರೂಢಿಯ ಲೆಕ್ಕ. ಅಂದರೆ ಅಲ್ಟ್ರಾವೈಡ್‌ಗೆ ಸುಮಾರು 20 ಅಡಿ, 98 ಇಂಚಿನದಕ್ಕೆ 24 ಅಡಿ. ಮೇಲಾಗಿ, 16:9ರ ಸ್ಲೈಡನ್ನು ಅಲ್ಟ್ರಾವೈಡ್‌ನಲ್ಲಿ ಹಾಕಿದರೆ ಎಡಬಲಕ್ಕೆ ಕಪ್ಪು ಪಟ್ಟಿ, ನಡುವೆ 83 ಇಂಚಿನ ಟಿವಿಯಷ್ಟೇ ಚಿತ್ರ. (ಎಳೆದು ತುಂಬಿಸಿದರೆ ಎಲ್ಲರ ಮುಖವೂ ಅಗಲವಾಗುತ್ತದೆ.)

ಹಾಗಾದರೆ ಲಕ್ಷಾಂತರ ರೂಪಾಯಿಯ ಅಲ್ಟ್ರಾವೈಡ್ ದಂಡವೇ? ಅಲ್ಲ. ಸ್ಲೈಡಿನ ಪಕ್ಕದಲ್ಲೇ ವಿಡಿಯೋ ಕರೆಯಲ್ಲಿರುವವರನ್ನೂ ತೋರಿಸಬೇಕಾದ ಕೋಣೆಗೆ ಅದು ಹೇಳಿಮಾಡಿಸಿದ್ದು. ಮೈಕ್ರೋಸಾಫ್ಟ್ ಟೀಮ್ಸ್ ರೂಮ್ಸ್‌ನ ‘ಫ್ರಂಟ್ ರೋ’ ವಿನ್ಯಾಸ ಇಂಥ ಪರದೆಯಲ್ಲೇ ಚೆನ್ನಾಗಿ ಕಾಣುತ್ತದೆ. ನಿಮ್ಮ ಮೀಟಿಂಗ್ ಕಂಪ್ಯೂಟರ್ 5120×2160 ಪಿಕ್ಸೆಲ್ ಕಳಿಸಬಲ್ಲದೇ ಎಂಬುದನ್ನು ಮಾತ್ರ ಆರ್ಡರ್ ಕೊಡುವ ಮೊದಲೇ ಮಾರಾಟಗಾರರಿಂದ ಜೋಡಿಸಿ ತೋರಿಸಿಕೊಳ್ಳಿ.